ಆಕ್ಸಿಮ್‌ನಿಂದ ಹಾಲೆಗೆ: ಆಮೊ ಸಾಗಿದ ದಾರಿ

ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಜರ್ಮನಿಯ ಹಾಲೆ ಮತ್ತು ವಿಟೆನ್‌ಬರ್ಗ್ ವಿಶ್ವವಿದ್ಯಾಲಯಗಳಲ್ಲಿ ಕಲಿತು, ಮುಂದೆ ಹಾಲೆ ಮತ್ತು ಯೇನಾಗಳಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ಆಂಟೋನ್ ವಿಲ್ಹೆಲ್ಮ್ ಆಮೊ ಇಂದಿನ ಘಾನಾ ದೇಶದ ಕರಾವಳಿಯ ಆಕ್ಸಿಮ್ ಪರಿಸರದವನು. ಮನಸ್ಸಿಗೆ ಸಂವೇದನೆಯಿಲ್ಲ, ಸಂವೇದನೆಯೆಂಬುದು ಸಜೀವ ದೇಹದ ಧರ್ಮವೆಂದು ಪ್ರತಿಪಾದಿಸುವ 1734ರ ಪ್ರಬಂಧವೂ 1738ರ ತರ್ಕಗ್ರಂಥವೂ ಅಚ್ಚಾಗಿ ಉಳಿದಿರುವುದರಿಂದ ಆತನ ವಿಚಾರಗಳನ್ನು ಅರಿಯುವುದಕ್ಕೆ ಅಡ್ಡಿಯಿಲ್ಲ. ಆದರೆ ಸುಮಾರು 1703ರಲ್ಲಿ ಹುಟ್ಟಿದ ಆ ಮಗು 1727ರಲ್ಲಿ ಹಾಲೆಯ ವಿದ್ಯಾರ್ಥಿಯಾದದ್ದು ಹೇಗೆಂಬ ಪ್ರಶ್ನೆಗೆ ದಾಖಲೆಗಳು ಒಂದೇ ಸ್ವರದಲ್ಲಿ ಉತ್ತರಿಸುವುದಿಲ್ಲ.

ಮೊದಲ ಖಚಿತ ದಾಖಲೆ ಚರ್ಚಿನದು. ವೋಲ್ಫೆನ್‌ಬ್ಯೂಟೆಲ್‌ನ ಡ್ಯೂಕರಿಗೆ ಸೇರಿದ ಸಾಲ್ಟ್ಸ್‌ಡಾಲುಮ್ ಅರಮನೆಯ ಪ್ರಾರ್ಥನಾಗೃಹದಲ್ಲಿ 1708ರ ಜುಲೈ 29ರಂದು ಒಬ್ಬ ಪುಟ್ಟ 'ಮೋರ್'ನಿಗೆ, ಅಂದರೆ ಅಂದಿನ ಜರ್ಮನರ ಮಾತಿನಲ್ಲಿ ಕಪ್ಪು ಮೈಬಣ್ಣದವನಿಗೆ, ದೀಕ್ಷಾಸ್ನಾನ ಮಾಡಿಸಿ ಆಂಟೋನ್ ವಿಲ್ಹೆಲ್ಮ್ ಎಂದು ಹೆಸರಿಡಲಾಯಿತೆಂದು ಅದು ಹೇಳುತ್ತದೆ. ಆಂಟೋನ್ ಎಂಬುದು ಆಳುತ್ತಿದ್ದ ಡ್ಯೂಕ್ ಆಂಟೋನ್ ಉಲ್ರಿಖ್‌ನ ಹೆಸರು, ವಿಲ್ಹೆಲ್ಮ್ ಎಂಬುದು ಆತನ ಮಗ ಆಗಸ್ಟ್ ವಿಲ್ಹೆಲ್ಮ್‌ನದು. ಹೆತ್ತವರ ಸುಳಿವಾಗಲಿ 'ಆಮೊ' ಎಂಬ ಹೆಸರಾಗಲಿ ಆ ನಮೂದಿನಲ್ಲಿಲ್ಲ. ಮುಂದೆ ಆಸ್ಥಾನದ ಲೆಕ್ಕಪತ್ರಗಳಲ್ಲಿ ಅವನಿಗೆ ಹಣ ಸಂದಾಯವಾದ ನಮೂದುಗಳು ದೊರೆಯುತ್ತವೆ. ಆದರೆ ಲೆಕ್ಕ ಬರೆಯುವವನಿಗೆ ಬೇಕಾದದ್ದು ಮೊತ್ತವೇ ಹೊರತು ಪಡೆದವನ ಪೂರ್ವಕಥೆಯಲ್ಲ.

ಬಾಲ್ಯದ ವಿವರಗಳು ಬೇಕಾದರೆ ಬದುಕಿನ ಕೊನೆಯ ಭಾಗದಿಂದ ಹಿಂದಕ್ಕೆ ಓದಬೇಕಾಗುತ್ತದೆ. ಡೇವಿಡ್ ಹೆನ್ರಿ ಗಾಲಾಂಡಾ ಎಂಬ ಹಡಗಿನ ವೈದ್ಯ 1753ರಲ್ಲಿ ಆಕ್ಸಿಮ್‌ಗೆ ಬಂದಾಗ, ಜರ್ಮನಿಯಿಂದ ತಾಯ್ನಾಡಿಗೆ ಮರಳಿ ಏಕಾಂತದಲ್ಲಿ ಬಾಳುತ್ತಿದ್ದ ಆಮೊನನ್ನು ಕಂಡನು. ಆಮೊ 1707ರ ಸುಮಾರಿಗೆ, ತೀರ ಎಳೆಯನಾಗಿದ್ದಾಗ, ಆಮ್‌ಸ್ಟರ್‌ಡಾಮ್ ತಲುಪಿದನೆಂದೂ, ಅಲ್ಲಿ ಡ್ಯೂಕ್ ಆಂಟೋನ್ ಉಲ್ರಿಖ್‌ಗೆ ಕಾಣಿಕೆಯಾಗಿ ಸಂದನೆಂದೂ, ಆಫ್ರಿಕದಲ್ಲಿ ಅವನ ತಂದೆಯೂ ಸೋದರಿಯೂ ಇನ್ನೂ ಬದುಕಿದ್ದರೆಂದೂ, ಸೋದರನೊಬ್ಬ ದಕ್ಷಿಣ ಅಮೆರಿಕದ ಡಚ್ ವಸಾಹತಾದ ಸುರಿನಾಮ್‌ನಲ್ಲಿ ಗುಲಾಮನಾಗಿದ್ದನೆಂದೂ ಆ ವೈದ್ಯನ ವರದಿ ತಿಳಿಸುತ್ತದೆ. ಇದು ಅಚ್ಚಾದದ್ದು 1782ರಲ್ಲಿ, ಭೇಟಿಯಾಗಿ ಸುಮಾರು ಮೂವತ್ತು ವರ್ಷಗಳ ಮೇಲೆ.

ವಿದ್ವಾಂಸರ ಭಿನ್ನಾಭಿಪ್ರಾಯ ಇಲ್ಲಿಂದಲೇ ಕವಲೊಡೆಯುತ್ತದೆ. ಕ್ರೈಸ್ತ ಬೋಧಕನಾಗಿ ತರಬೇತಿ ಪಡೆಯಲೆಂದು ಆಕ್ಸಿಮ್‌ನ ಪಾದ್ರಿಯೊಬ್ಬ ಹುಡುಗನನ್ನು ಹಾಲೆಂಡಿಗೆ ಕಳುಹಿಸಿದನೆಂದು ಕೆಲವರು ಊಹಿಸಿದರೆ, ಅವನನ್ನು ಗುಲಾಮನಾಗಿ ಸಾಗಿಸಲಾಯಿತೆಂದು ಉಳಿದವರು ಹೇಳುತ್ತಾರೆ. ಕನ್ನಡದಲ್ಲಿ ಮನುಷ್ಯನನ್ನು 'ಕರೆತರುತ್ತಾರೆ', ವಸ್ತುವನ್ನು 'ತರುತ್ತಾರೆ'. ಆಮೊನ ವಿಷಯದಲ್ಲಿ ಯಾವ ಕ್ರಿಯಾಪದ ಸಲ್ಲುತ್ತದೆಂಬುದೇ ಇಡೀ ವಾದದ ತಿರುಳು. ಡಚ್ ವೆಸ್ಟ್ ಇಂಡಿಯಾ ಕಂಪನಿಯ ಕೋಟೆಯಿದ್ದ ಊರಿನ ಹುಡುಗನೊಬ್ಬ ಅರಸನಿಗೆ ಕಾಣಿಕೆಯಾದನೆಂಬ ಮಾತನ್ನೂ ಸೋದರನ ಗತಿಯನ್ನೂ ಜೊತೆಗಿಟ್ಟು ನೋಡಿದರೆ ಪಾದ್ರಿಯ ಕಥೆ ದುರ್ಬಲವಾಗಿ ತೋರುತ್ತದೆ. ಆದರೂ ಅರಮನೆಯ ಸೇವಕನಾಗಿ ಬಂದವನು ಲ್ಯಾಟಿನ್ ಕಲಿತು ವಿಶ್ವವಿದ್ಯಾಲಯದ ಮೆಟ್ಟಿಲೇರಿದ್ದು ಅಂದಿನ ಆಸ್ಥಾನಗಳ ವಾಡಿಕೆಯಂತೂ ಅಲ್ಲ.

1721ರಲ್ಲಿ ಚರ್ಚಿನ ದೃಢೀಕರಣ ಸಂಸ್ಕಾರ ಪಡೆದ ಮೇಲೆ 1727ರ ಜೂನ್ 9ರಂದು ಹಾಲೆಯ ದಾಖಲಾತಿ ಪುಸ್ತಕದಲ್ಲಿ ಕಾಣಿಸಿಕೊಳ್ಳುವವರೆಗೆ ಅವನ ಹೆಜ್ಜೆಗುರುತು ಮಸುಕಾಗಿದೆ. ಈ ತೆರಪನ್ನು ತುಂಬಲು ಅನೇಕ ಪುಸ್ತಕಗಳು ಅವನನ್ನು ಹೆಲ್ಮ್‌ಸ್ಟೆಟ್ ವಿಶ್ವವಿದ್ಯಾಲಯಕ್ಕೆ ಕಳುಹಿಸುತ್ತವೆ. ಅದು ಡ್ಯೂಕರ ಸ್ವಂತ ನಾಡಿನ ವಿಶ್ವವಿದ್ಯಾಲಯವಾದ್ದರಿಂದ ಊಹೆ ಅಸಹಜವಲ್ಲ, ಆದರೆ ಅದಕ್ಕೆ ದಾಖಲೆಯ ಬೆಂಬಲವಿಲ್ಲ. ಒಬ್ಬರ ಊಹೆ ಮತ್ತೊಬ್ಬರ ಅಡಿಟಿಪ್ಪಣಿಯಾಗಿ, ಮೂರನೆಯವರಲ್ಲಿ ಸಂಗತಿಯೇ ಆಗಿಬಿಡುವುದು ಚರಿತ್ರೆಯ ಬರವಣಿಗೆಯಲ್ಲಿ ಅಪರೂಪವೇನಲ್ಲ.

ತನ್ನನ್ನು ಕುರಿತು ಆಮೊ ಬರೆದುಕೊಂಡದ್ದು ಬಹಳ ಕಡಿಮೆ. ಆದರೂ 1734ರ ಪ್ರಬಂಧದ ಮುಖಪುಟದಲ್ಲಿ ಹೆಸರಿನ ಜೊತೆಗೆ 'ಗಿನಿಯ ಆಫ್ರಿಕನ್' ಎಂಬರ್ಥದ ಲ್ಯಾಟಿನ್ ವಿಶೇಷಣವಿದೆ. ದೀಕ್ಷಾಸ್ನಾನದ ನಮೂದು ಬಿಟ್ಟ ನಾಡನ್ನೂ ಹೆಸರನ್ನೂ ವಿದ್ವಾಂಸನು ಮರಳಿ ಪಡೆದಿದ್ದಾನೆ. ಇದಕ್ಕೂ ಮೊದಲು, 1729ರ ನವೆಂಬರಿನಲ್ಲಿ, ಅವನು ಹಾಲೆಯಲ್ಲಿ ನ್ಯಾಯಶಾಸ್ತ್ರದ ವಾದಪ್ರಬಂಧವೊಂದನ್ನು, ಎಂದರೆ ವಿದ್ವತ್ಸಭೆಯೆದುರು ಆಕ್ಷೇಪಗಳಿಗೆ ಉತ್ತರಿಸುತ್ತ ಸಮರ್ಥಿಸಬೇಕಾದ ಪ್ರಬಂಧವನ್ನು ಮಂಡಿಸಿದ್ದನು. ಯುರೋಪಿನಲ್ಲಿ ಕಪ್ಪು ಜನರ ಹಕ್ಕುಗಳೇನು, ಕ್ರೈಸ್ತರು ಕೊಂಡುತಂದ ಆಫ್ರಿಕನ್ನರ ಸ್ವಾತಂತ್ರ್ಯ ಅಥವಾ ದಾಸ್ಯ ಅಂದಿನ ಕಾನೂನಿನಂತೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದೇ ಅದರ ವಿಷಯ. ಆ ಪ್ರಬಂಧದ ಪ್ರತಿ ಈವರೆಗೆ ಸಿಕ್ಕಿಲ್ಲ. ಹಾಲೆಯ ವಾರಪತ್ರಿಕೆಯೊಂದು ಅದನ್ನು ಕುರಿತು ಅಚ್ಚುಹಾಕಿದ ಚಿಕ್ಕ ಸುದ್ದಿಯಷ್ಟೇ ಉಳಿದಿದೆ.