ಎಡಿಟರಿನಿಂದ ಹೊರಡುವ ಪ್ರೋಗ್ರಾಮಿಗೆ ಬುತ್ತಿ ಕಟ್ಟುವುದು
(ಕಡಹಿನಬೈಲಿನಲ್ಲಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ)



ಕಂಪ್ಯೂಟರ್ ಕಲಿಯುತ್ತಿರುವವರಿಗೆ ಉಪಯೋಗವಾಗುವ ಒಂದು ವಿಷಯವನ್ನಷ್ಟೇ ಇಂದು ನಿಮ್ಮ ಮುಂದಿಡುತ್ತೇನೆ. ವಿಷಯ ಚಿಕ್ಕದು. ಆದರೆ ಅದು ತಿಳಿಯದೆ "ಕನ್ನಡ ಕಂಪ್ಯೂಟರಿಗೆ ಒಗ್ಗುವುದಿಲ್ಲ" ಎಂದು ಕೈಬಿಡುವವರುಂಟು.

ವಿದ್ಯಾರ್ಥಿಗಳ ಹೆಸರು, ಊರುಗಳ ಪಟ್ಟಿ ಕೊಡುವ ಪ್ರೋಗ್ರಾಮೊಂದನ್ನು ನೀವು ಪೈಥಾನ್ ಭಾಷೆಯಲ್ಲಿ ಬರೆದಿದ್ದೀರಿ ಎಂದುಕೊಳ್ಳಿ. ಅದರಲ್ಲಿ 'ಕಡಹಿನಬೈಲು' ಎಂಬ ಹೆಸರಿದೆ. ವಿಂಡೋಸಿನ ಕಮಾಂಡ್ ಕಿಟಕಿಯಲ್ಲಿ ಅದು ತಕರಾರಿಲ್ಲದೆ ಓಡುತ್ತದೆ. ಅದನ್ನೇ ಟೆಕ್ಸ್ಟ್ ಎಡಿಟರಿನ ಒಳಗಿಂದ ಓಡಿಸಿ, ಫಲಿತಾಂಶ ಎಡಿಟರಿನಲ್ಲೇ ಕಾಣಲಿ ಎಂದರೆ 'ಯೂನಿಕೋಡ್ ಎನ್‌ಕೋಡ್ ಎರರ್' ಎಂದು ನಿಂತುಬಿಡುತ್ತದೆ. ಪ್ರೋಗ್ರಾಮಿನ ಒಂದು ಅಕ್ಷರವೂ ಬದಲಾಗಿಲ್ಲ. ಹಾಗಾದರೆ ತಪ್ಪು ಎಲ್ಲಿ?

ಕನ್ನಡದಲ್ಲಿ ತಪ್ಪಿಲ್ಲ, 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ. ಕಮಾಂಡ್ ಕಿಟಕಿಗೆ ಬರೆಯುವಾಗ ಪೈಥಾನ್ 3.6ರಿಂದೀಚೆಗೆ ಯೂನಿಕೋಡನ್ನೇ ಬಳಸುತ್ತದೆ. ಎಡಿಟರಿಗೆ ಕೊಡುವಾಗ ಮಾತ್ರ ನಡುವೆ 'ಪೈಪ್' ಎಂಬ ಕೊಳವೆ ಇರುತ್ತದೆ. ಆಗ 3.14ರವರೆಗಿನ ಆವೃತ್ತಿಗಳು ವಿಂಡೋಸಿನ ಹಳೆಯ ಅಕ್ಷರಪಟ್ಟಿಯ ಮೊರೆಹೋಗುತ್ತವೆ. ಸಾಮಾನ್ಯವಾಗಿ ಇರುವ 1252 ಎಂಬ ಆ ಪಟ್ಟಿಯಲ್ಲಿರುವುದು 256 ಸ್ಥಾನಗಳು. ಅದರಲ್ಲಿ ಕನ್ನಡಕ್ಕೆ ಒಂದೂ ಇಲ್ಲ.

ಇದಕ್ಕೆ ಮದ್ದು 'ಎನ್ವಿರಾನ್‌ಮೆಂಟ್ ವೇರಿಯಬಲ್'. ಹಾಗೆಂದರೇನು? ಮನೆಯಿಂದ ನರಸಿಂಹರಾಜಪುರದ ಕಾಲೇಜಿಗೆ ಹೊರಡುವ ಮಗುವಿಗೆ ತಾಯಿ ಕಟ್ಟಿಕೊಡುವ ಬುತ್ತಿಯಂತೆ ಅದು. ಒಂದು ಪ್ರೋಗ್ರಾಮು ಇನ್ನೊಂದನ್ನು ಹೊರಡಿಸುವಾಗ ಹೆಸರು ಮತ್ತು ಬೆಲೆಗಳ ಒಂದು ಪಟ್ಟಿಯನ್ನು ಅದರ ಕೈಗಿಡುತ್ತದೆ. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಬಂದ ಈ ಪದ್ಧತಿ ಇಂದಿಗೂ ನಡೆದಿದೆ.

ಇದರಲ್ಲಿ ಮೂರು ಸಂಗತಿಗಳನ್ನು ನೆನಪಿಡಿ. ಒಂದು, ಮಗುವಿಗೆ ಸಿಗುವುದು ನಕಲು. ಅದು ತನ್ನ ಬುತ್ತಿಯಲ್ಲಿ ಏನು ಬದಲಿಸಿದರೂ ಮನೆಯ ಅಡುಗೆ ಬದಲಾಗುವುದಿಲ್ಲ. ಎರಡು, ಬಸ್ಸು ಹೊರಟ ಮೇಲೆ ಮನೆಯಲ್ಲಿ ಮಾಡಿದ ತಿಂಡಿ ಆ ದಿನದ ಬುತ್ತಿಗೆ ಸೇರದು. ಆದ್ದರಿಂದ ವಿಂಡೋಸಿನ ಸೆಟ್ಟಿಂಗಿನಲ್ಲಿ ಬದಲಾಯಿಸಿದರೆ ಎಡಿಟರನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು. ಮೂರು, ಎಡಿಟರಿನಿಂದ ಹೊರಟ ಪ್ರೋಗ್ರಾಮಿಗೆ ತಾಯಿ ಎಡಿಟರೇ. ಕಮಾಂಡ್ ಕಿಟಕಿಯಲ್ಲಿ ನೀವು ಟೈಪು ಮಾಡಿದ್ದು ಬೇರೆಡೆ ತೆರೆದಿರುವ ಎಡಿಟರಿಗೆ ತಿಳಿಯದು.

ಹಾಗಾದರೆ ಬುತ್ತಿಯನ್ನು ಎಡಿಟರಿನಲ್ಲೇ ಕಟ್ಟಬೇಕು. 'ಪೈಥಾನ್‌ಯುಟಿಎಫ್8' ಎಂಬ ವೇರಿಯಬಲ್ 2018ರ ಪೈಥಾನ್ 3.7ರಿಂದ ಇದೆ, ಹೆಸರಿನಷ್ಟೂ ದೊಡ್ಡ ಇಂಗ್ಲಿಷ್ ಅಕ್ಷರ, ನಡುವೆ ಜಾಗವಿಲ್ಲ, ಬೆಲೆ 1. ಈಮ್ಯಾಕ್ಸ್‌ನಲ್ಲಿ 'ಸೆಟ್‌ಎನ್ವ್' ಆಜ್ಞೆ ಕೊಟ್ಟರೆ ಅದು ಹೆಸರು, ಬೆಲೆ ಎರಡನ್ನೂ ಕೇಳುತ್ತದೆ. ವಿಮ್‌ನಲ್ಲಿ 'ಲೆಟ್' ಆಜ್ಞೆಯ ಜೊತೆ ಹೆಸರಿನ ಮುಂದೆ ಡಾಲರ್ ಚಿಹ್ನೆ ಹಾಕಬೇಕು. ವಿಎಸ್ ಕೋಡ್‌ನಲ್ಲಿ 'ಲಾಂಚ್' ಕಡತದ 'ಎನ್ವ್' ಭಾಗದಲ್ಲಿ ಬರೆದರೆ ಆ ಓಟಕ್ಕೆ ಮಾತ್ರ ಅನ್ವಯವಾಗುತ್ತದೆ. ಬಳಿಕ ಎಡಿಟರೂ ಬಂದದ್ದನ್ನು ಯುಟಿಎಫ್-8 ಎಂದೇ ಓದುವಂತೆ ಮಾಡಿ. ಕೊಡುವವರು, ಕೊಳ್ಳುವವರು ಒಂದೇ ಅಳತೆ ಬಳಸಬೇಕಲ್ಲವೆ?

ಒಂದು ಎಚ್ಚರಿಕೆಯ ಮಾತು. ಬುತ್ತಿಯಲ್ಲಿಟ್ಟದ್ದು ಎಡಿಟರ್ ಹೊರಡಿಸುವ ಎಲ್ಲ ಪ್ರೋಗ್ರಾಮುಗಳಿಗೂ ಸಿಗುತ್ತದೆ. ಪಾಸ್‌ವರ್ಡಿನಂಥ ಗುಟ್ಟನ್ನು ಎಲ್ಲರ ಬುತ್ತಿಗೂ ಹಾಕಬೇಡಿ. ಯಾವ ಓಟಕ್ಕೆ ಬೇಕೋ ಅದಕ್ಕಷ್ಟೇ ಕೊಡಿ.

ವಿದ್ಯಾರ್ಥಿಗಳೆ, ಒಂದು ಕಡೆ ಓಡಿದ ಪ್ರೋಗ್ರಾಮು ಇನ್ನೊಂದು ಕಡೆ ನಿಂತರೆ ಕೂಡಲೆ ಅದನ್ನು ಅಳಿಸಬೇಡಿ. ನಿಮ್ಮ ಬುದ್ಧಿಯನ್ನೂ ಹಳಿಯಬೇಡಿ. ಯಾರು ಇದನ್ನು ಹೊರಡಿಸಿದರು, ಏನು ಕೊಟ್ಟು ಕಳಿಸಿದರು ಎಂದು ಮೊದಲು ನೋಡಿ. ಈ ಎರಡು ಪ್ರಶ್ನೆ ಕೇಳದೆ ಪಟ್ಟಿಯನ್ನು ಇಂಗ್ಲಿಷಿಗೆ ತಿರುಗಿಸಿದರೆ ಒಂದೇ ಹೆಸರು ಹತ್ತು ಬಗೆಯಲ್ಲಿ ಬರೆಯಲ್ಪಡುತ್ತದೆ. ಅಂಕಪಟ್ಟಿಗೂ ಅರ್ಜಿಗೂ ತಾಳೆಯಾಗದೆ ಅಲೆಯುವವರು ಬಡ ಪೋಷಕರೇ. ನಮ್ಮ ಮಕ್ಕಳ ಹೆಸರು, ನಮ್ಮ ಊರಿನ ಹೆಸರು ಕನ್ನಡದಲ್ಲಿ ಸರಿಯಾಗಿ ಮೂಡಲಿ ಎಂದು ಹಾರೈಸಿ ಮಾತು ಮುಗಿಸುತ್ತೇನೆ.