ಆಸ್ಪತ್ರೆಯ ಸಾಲವೂ ರೈತನ ಸಾಲವೇ

(ಟಿ. ನರಸೀಪುರ ತಾಲ್ಲೂಕಿನ ರೈತರ ಮುಂದೆ ಆಡಿದ ಮಾತುಗಳ ಬರಹ ರೂಪ)



ಬೆಲೆಯ ವಿಚಾರ, ಸಾಲದ ವಿಚಾರ ನಾವು ದಿನಾ ಮಾತಾಡ್ತೇವೆ. ಇವತ್ತು ಆ ಸಾಲದೊಳಗೇ ಅಡಗಿರುವ ಇನ್ನೊಂದು ಸಾಲದ ಮಾತು. ನಿಮ್ಮ ಬೀದಿಯ ಹತ್ತು ಮನೆಯ ಲೆಕ್ಕ ನೀವೇ ಹಾಕಿ. ಸೊಸೈಟಿಯಲ್ಲಿ ಬೆಳೆ ಸಾಲ ಅಂತ ಬರೆಸಿ ತಂದ ದುಡ್ಡು ಎಷ್ಟು ಮನೆಯಲ್ಲಿ ಗದ್ದೆಗೆ ಹೋಯ್ತು, ಎಷ್ಟು ಮನೆಯಲ್ಲಿ ಮೈಸೂರಿನ ನರ್ಸಿಂಗ್ ಹೋಮಿಗೆ ಹೋಯ್ತು? ಕಾಗದದಲ್ಲಿ ಅದು ಗೊಬ್ಬರ, ಬಿತ್ತನೆ. ನಿಜದಲ್ಲಿ ಅಪ್ಪನ ಎದೆನೋವು, ಸೊಸೆಯ ಹೆರಿಗೆ. ಆಮೇಲೆ ಸಾಲ ತೀರಿಸದ ರೈತ ದುಂದುಗಾರ ಅಂತ ಮಾತು ಕೇಳಬೇಕು. ಕಾಯಿಲೆ ಬೀಳೋದು ದುಂದೇ ಸ್ವಾಮಿ?

ಸರ್ಕಾರದ್ದೇ ಲೆಕ್ಕ ಹೇಳ್ತೇನೆ. 2021-22ರಲ್ಲಿ ಈ ದೇಶದಲ್ಲಿ ಆರೋಗ್ಯಕ್ಕೆ ಖರ್ಚಾದ ಪ್ರತಿ 100 ರೂಪಾಯಿಯಲ್ಲಿ 39 ರೂಪಾಯಿ ಚಿಲ್ಲರೆ ಜನರು ನೇರವಾಗಿ ಜೇಬಿನಿಂದ ಕೊಟ್ಟದ್ದು. 2013-14ರಲ್ಲಿ ಇದು 64 ಇತ್ತು. ಇಳಿದಿದೆ, ಇಲ್ಲ ಅನ್ನೋಲ್ಲ. ಆದರೆ ಜೇಬು ಖಾಲಿ ಇರುವವನು ಆ 39ನ್ನು ಎಲ್ಲಿಂದ ತರಬೇಕು? ಕೈಸಾಲ ಮಾಡಬೇಕು, ಇಲ್ಲ ಒಡವೆ ಅಡವಿಡಬೇಕು.

ಕಾಸಿಲ್ಲ ಅನ್ನುವ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು 1946ರಲ್ಲೇ ಭೋರ್ ಸಮಿತಿ ಹೇಳಿತ್ತು. 2020ರೊಳಗೆ ರಾಜ್ಯಗಳು ಬಜೆಟ್ಟಿನ ಶೇಕಡ 8ಕ್ಕಿಂತ ಹೆಚ್ಚು ಹಣ ಆರೋಗ್ಯಕ್ಕೆ ಕೊಡಬೇಕು ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಗುರಿ ಇಟ್ಟಿತು. ಗಡುವು ದಾಟಿತು, ಕರ್ನಾಟಕ ಆ ಎಂಟನ್ನು ಮುಟ್ಟಲಿಲ್ಲ. ನಾವು ಕಂತು ತಪ್ಪಿಸಿದರೆ ನೋಟೀಸು ಬರುತ್ತೆ. ಸರ್ಕಾರ ತಪ್ಪಿಸಿದರೆ ಯಾರು ನೋಟೀಸು ಕೊಡಬೇಕು?

‘ನಮಗೆ ಕಾರ್ಡಿದೆಯಲ್ಲ’ ಅಂತೀರಿ. ಇದೆ. 2003ರಲ್ಲಿ ಯಶಸ್ವಿನಿ ಶುರುವಾದಾಗ ಸಹಕಾರ ಸಂಘದ ಸದಸ್ಯ ವರ್ಷಕ್ಕೆ 60 ರೂಪಾಯಿ ಕಟ್ಟಿ ದೊಡ್ಡ ಆಪರೇಷನ್ ಮಾಡಿಸಿಕೊಳ್ಳಬಹುದಾಗಿತ್ತು. ರೈತರು ಒಂದಾಗಿ ಸಣ್ಣ ಕಾಸು ಹಾಕಿದರೆ ಏನಾಗುತ್ತೆ ಅಂತ ಅದು ತೋರಿಸಿತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು, 2022ರಲ್ಲಿ ಮತ್ತೆ ತಂದರು. ಒಳ್ಳೆಯದೇ. ಆದರೆ ಕಾರ್ಡು ಕೆಲಸಕ್ಕೆ ಬರುವುದು ರೋಗ ಬಲಿತು ಆಸ್ಪತ್ರೆಯಲ್ಲಿ ಮಲಗಿದ ಮೇಲೆ. ಸಕ್ಕರೆ ಕಾಯಿಲೆಯವನು ಒಂದು ಅಂಗಡಿಯಲ್ಲಿ ತಿಂಗಳ ಮಾತ್ರೆ ಕೊಳ್ಳೋಕಾಗದೆ ಬಿಡ್ತಾನೆ, ಕಾಲಿನ ಹುಣ್ಣು ಕೊಳೀತದೆ. ಕಾಲು ಕತ್ತರಿಸೋಕೆ ಕಾರ್ಡು ದುಡ್ಡು ಕೊಡುತ್ತೆ, ಕಾಲು ಉಳಿಸುವ ಮಾತ್ರೆಗೆ ಕೊಡೋಲ್ಲ. ಜನ ಕೈಯಿಂದ ಹಾಕುವ ದುಡ್ಡಿನಲ್ಲಿ ದೊಡ್ಡ ಪಾಲು ಔಷಧಕ್ಕೇ ಹೋಗೋದು. ಆ ಮಾತ್ರೆ ಪುಕ್ಕಟೆ ಸಿಗಬೇಕಾದ್ದು ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ.

ಇದು ಆಗುವ ಕೆಲಸವೇ ಅಂತ ಕೇಳಬೇಡಿ. ಮೂಗೂರು, ಸಂತೆಮರಹಳ್ಳಿ ದಾಟಿ ಯಳಂದೂರಿಗೆ ಹೋಗಿ ನೋಡಿ. 1987ರಲ್ಲಿ ಆ ತಾಲ್ಲೂಕಿನಲ್ಲಿ ಸಾವಿರ ಜನಕ್ಕೆ 21 ಜನ ಕುಷ್ಠರೋಗಿಗಳಿದ್ದರು. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟಿನವರು ಮನೆಮನೆಗೆ ಹೋಗಿ ರೋಗ ಪತ್ತೆ ಮಾಡಿದರು, ತಪ್ಪದೆ ಔಷಧ ಕೊಟ್ಟರು. 2005ರ ಹೊತ್ತಿಗೆ ಅದು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾಯಿತು. 1996ರಲ್ಲಿ ಅಲ್ಲಿನ ಗುಂಬಳ್ಳಿ ಆರೋಗ್ಯ ಕೇಂದ್ರದ ನಿರ್ವಹಣೆಯನ್ನೂ ಸರ್ಕಾರ ಅವರಿಗೆ ಕೊಟ್ಟಿತು. ಎಲ್ಲ ಕೇಂದ್ರಗಳನ್ನೂ ಟ್ರಸ್ಟುಗಳಿಗೆ ಒಪ್ಪಿಸಿ ಅಂತ ನಾನು ಹೇಳ್ತಿಲ್ಲ. ಊರಲ್ಲಿ ನಿಲ್ಲುವ ಸಿಬ್ಬಂದಿ, ಕಪಾಟಿನಲ್ಲಿ ಔಷಧ, ಬಾಗಿಲಿಗೆ ಬರುವ ನರ್ಸಮ್ಮ, ಇಷ್ಟಿದ್ದರೆ ರೋಗ ಸೋಲುತ್ತೆ ಅಂತ ಹೇಳ್ತಿದ್ದೇನೆ.

ಇನ್ನೊಂದು ಪಾಠ ನಮ್ಮ ಟಿ. ನರಸೀಪುರ ತಾಲ್ಲೂಕಿನದೇ. 2002ರಲ್ಲಿ ಇದೇ ಟ್ರಸ್ಟು ಇಲ್ಲಿ ಬಡವರಿಗೊಂದು ವಿಮೆ ನಡೆಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದವರಿಗೆ ದಿನಕ್ಕೆ ಔಷಧಕ್ಕೆ 50 ರೂಪಾಯಿ, ಹೋದ ಕೂಲಿಗೆ 50 ರೂಪಾಯಿ, 25 ದಿನದವರೆಗೆ. ಕೂಲಿಗೂ ಯಾಕೆ ಕೊಟ್ಟರು? ಸರ್ಕಾರಿ ಆಸ್ಪತ್ರೆ ಪುಕ್ಕಟೆ ಇರಬಹುದು. ಅಲ್ಲಿ ಮಲಗಿದ ದಿನ ಕೂಲಿಯವನ ಮನೆಯಲ್ಲಿ ಒಲೆ ಹತ್ತೋಲ್ಲ. ಅದಕ್ಕೇ ಅವನು ಜ್ವರ ಹೊತ್ತುಕೊಂಡೇ ಕೆಲಸಕ್ಕೆ ಬರ್ತಾನೆ. ನಮ್ಮ ಗದ್ದೆಗೇ ಬರ್ತಾನೆ. ನಾಟಿ ಹಾಕುವ ಹೆಣ್ಣುಮಗಳ ಕಾಯಿಲೆ ಜಮೀನಿದ್ದವರ ವಿಚಾರ ಅಲ್ಲ ಅಂತ ಯಾರೂ ಅನ್ನಬೇಡಿ. ಅವಳ ಕೈಬೆರಳಿನಿಂದಲೇ ನಮ್ಮ ಭತ್ತ ನಿಂತಿರೋದು.

ಕಬಿನಿ ನಾಲೆಗೆ ನೀರು ಬಿಡದಿದ್ದರೆ ನೀರಾವರಿ ಕಚೇರಿ ಮುಂದೆ ಹೋಗಿ ಕೂರ್ತೇವೆ. ಆಸ್ಪತ್ರೆಯಲ್ಲಿ ಮಾತ್ರೆ ಇಲ್ಲ, ಹೊರಗೆ ತಗೊಳ್ಳಿ ಅಂದರೆ ಮಾತ್ರ ಚೀಟಿ ಹಿಡಿದು ಸುಮ್ಮನೆ ಅಂಗಡಿಗೆ ನಡೀತೇವೆ. ಎರಡೂ ನಮ್ಮ ತೆರಿಗೆಯ ದುಡ್ಡಲ್ಲವೇ?

ಆದ್ದರಿಂದ ಮೂರು ಕೆಲಸ ಮಾಡಿ. ಆರೋಗ್ಯ ಕೇಂದ್ರದ ಔಷಧ ದಾಸ್ತಾನಿನ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ. ಊರಿನ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ನಿಗದಿಯಿದೆ. ಅದು ಬಂತೋ ಇಲ್ಲವೋ, ಹೇಗೆ ಖರ್ಚಾಯ್ತು ಅಂತ ಲೆಕ್ಕ ಕೇಳಿ. ಬೆಂಬಲ ಬೆಲೆಗೆ ಮನವಿ ಬರೆಯುವ ಕಾಗದದಲ್ಲೇ ಡಾಕ್ಟರು, ನರ್ಸು, ಮಾತ್ರೆಯ ಬೇಡಿಕೆಯನ್ನೂ ಬರೆಯಿರಿ. ನಂಜನಗೂಡಿನ ಸ್ವಾಮಿಯನ್ನು ಟಿಪ್ಪು ಸುಲ್ತಾನ ಹಕೀಂ ನಂಜುಂಡ ಅಂತ ಕರೆದ ಎಂದು ಹಿರಿಯರು ಹೇಳ್ತಾರೆ. ಹರಕೆ ಇದ್ದವರು ಅಲ್ಲಿಗೆ ಹೋಗಿ ಉರುಳು ಸೇವೆ ಮಾಡಿ, ಬೇಡ ಅನ್ನೋಲ್ಲ. ಬರುವಾಗ ಆರೋಗ್ಯ ಕೇಂದ್ರದ ಬಾಗಿಲು ತೆರೆದಿದೆಯಾ ಅಂತಲೂ ನೋಡಿಕೊಂಡು ಬನ್ನಿ.