ಒಡೆದ ಒಕ್ಕೂಟ, ಒಡೆಯದ ವಿದ್ಯಾಲಯ

(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯ ಬಾಗಿಲು ಹಾಕಿ ಬಂದವರೂ ಇದ್ದೀರಿ. ಇಂಥ ಸಭೆಯಲ್ಲಿ ಯಾವುದೋ ದೂರದೇಶದ ವಿಶ್ವವಿದ್ಯಾನಿಲಯದ ಮಾತೇಕೆ ಎಂದು ಕೆಲವರು ಕೇಳಿದರು. ಕೂಲಿಯ ಹೋರಾಟಕ್ಕೂ ಮಕ್ಕಳ ಓದಿಗೂ ಇರುವ ನಂಟನ್ನು ತಿಳಿಯಲೆಂದೇ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ವೆಸ್ಟ್ ಇಂಡೀಸ್ ಎಂಬ ಹೆಸರನ್ನು ಕ್ರಿಕೆಟ್ಟಿನಿಂದ ನಾವೆಲ್ಲ ಬಲ್ಲೆವು. ಆದರೆ ಆ ಹೆಸರಿನ ದೇಶವೊಂದು ಭೂಪಟದಲ್ಲಿಲ್ಲ. ಕೆರಿಬಿಯನ್ ಸಮುದ್ರದಲ್ಲಿ ಚದರಿರುವ ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್ ಮೊದಲಾದ ನಾಡುಗಳ ಕೂಡುಹೆಸರು ಅದು. ಬಿಳಿಯ ತೋಟದ ದೊರೆಗಳು ಆಫ್ರಿಕದ ಜನರನ್ನು ಗುಲಾಮರನ್ನಾಗಿ ತಂದು ಅಲ್ಲಿ ಕಬ್ಬು ಬೆಳೆಸಿದರು. ಗುಲಾಮಗಿರಿ ರದ್ದಾದ ಮೇಲೆ ನಮ್ಮ ದೇಶದ ಬಡವರನ್ನು ಕರಾರಿನ ಕೂಲಿಗಳಾಗಿ ಸಾಗಿಸಿದರು. ಅಂಥ ಮೊದಲ ಹಡಗು ಟ್ರಿನಿಡಾಡ್ ಮುಟ್ಟಿದ್ದು 1845ರಲ್ಲಿ.

1937ರಲ್ಲಿ ಟ್ರಿನಿಡಾಡಿನ ಎಣ್ಣೆ ಬಾವಿಗಳ ಕೆಲಸಗಾರರು ಮುಷ್ಕರ ಹೂಡಿದರು. ಮರುವರ್ಷ ಜಮೈಕಾದ ಸಕ್ಕರೆ ಕೆಲಸಗಾರರೂ ಬಂದರಿನ ಹಮಾಲರೂ ಎದ್ದರು. ಗುಂಡುಗಳು ಹಾರಿದವು, ಜನ ಸತ್ತರು. ಬ್ರಿಟಿಷ್ ಸರ್ಕಾರ ವಿಚಾರಣಾ ಆಯೋಗವನ್ನು ಕಳಿಸಬೇಕಾಯಿತು. ಆ ಜನ ಕೇಳಿದ್ದು ಕೂಲಿ, ಕಾಲೇಜನ್ನಲ್ಲ. ಆದರೆ ಅವರು ಎದ್ದ ಮೇಲೆ ಸ್ವರಾಜ್ಯದ ಮಾತನ್ನು ಮುಂದೂಡುವುದು ಕಷ್ಟವಾಯಿತು. ಸ್ವರಾಜ್ಯ ಬಂದರೆ ವೈದ್ಯರೆಲ್ಲಿ, ಉಪಾಧ್ಯಾಯರೆಲ್ಲಿ? ವೈದ್ಯನಾಗಬೇಕೆಂಬ ಹುಡುಗ ಸಮುದ್ರ ದಾಟಿ ಇಂಗ್ಲೆಂಡಿಗೋ ಅಮೆರಿಕಕ್ಕೋ ಹೋಗಬೇಕಿತ್ತು. ಒಂದೊಂದೇ ದ್ವೀಪ ತನ್ನದೇ ವೈದ್ಯಕೀಯ ಶಾಲೆ ಕಟ್ಟುವಷ್ಟು ಹಣವೂ ಇರಲಿಲ್ಲ, ವಿದ್ಯಾರ್ಥಿಗಳೂ ಇರಲಿಲ್ಲ.

ಹೀಗಾಗಿ 1948ರಲ್ಲಿ ಎಲ್ಲರಿಗೂ ಸೇರಿದ ಒಂದು ಕಾಲೇಜು ಜಮೈಕಾದ ಮೋನಾದಲ್ಲಿ ಶುರುವಾಯಿತು. ಮೊದಲ ತಂಡದಲ್ಲಿ ವೈದ್ಯಕೀಯ ಓದಲು ಬಂದವರು 33 ಮಂದಿ. ಅದರ ನೆಲ ಹಳೆಯ ಕಬ್ಬಿನ ತೋಟ. ತೋಟಕ್ಕೆ ನೀರು ತರುತ್ತಿದ್ದ ಕಲ್ಲಿನ ಮೇಲ್ಗಾಲುವೆ ಇಂದಿಗೂ ಅಲ್ಲಿ ನಿಂತಿದೆ. ಗುಲಾಮರು ಬೆವರು ಸುರಿಸಿದ ನೆಲದಲ್ಲಿ ಅವರ ಮರಿಮಕ್ಕಳು ಪುಸ್ತಕ ತೆರೆದರು.

ಮುಂದೆ ನಡೆದುದನ್ನು ಗಮನಿಸಿರಿ. 1958ರಲ್ಲಿ ಈ ನಾಡುಗಳು ಸೇರಿ ರಾಜಕೀಯ ಒಕ್ಕೂಟವೊಂದನ್ನು ಕಟ್ಟಿದವು. 1961ರಲ್ಲಿ ಜಮೈಕಾದ ಮತದಾರರು ಒಲ್ಲೆವೆಂದರು. ಟ್ರಿನಿಡಾಡೂ ಹಿಂದೆ ಸರಿಯಿತು. 1962ರ ಮೇ ತಿಂಗಳಲ್ಲಿ ಒಕ್ಕೂಟ ಮುರಿದುಬಿತ್ತು. ಅದೇ ವರ್ಷ ಆ ಕಾಲೇಜು ಲಂಡನ್ನಿನ ಹಂಗು ಬಿಟ್ಟು ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು! ಸೇಂಟ್ ಲೂಸಿಯಾದ ಆರ್ಥರ್ ಲೂಯಿಸ್, ಅಂದರೆ 1979ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದವರು, ಆಗ ಅದರ ಮುಖ್ಯಸ್ಥರು. ಕ್ರಿಕೆಟ್ ನಾಯಕ ಫ್ರಾಂಕ್ ವೊರೆಲ್ ಕೂಡ ಅಲ್ಲಿ ಸೇವೆ ಸಲ್ಲಿಸಿದರು. 1967ರಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಅದರ ಬಾರ್ಬಡೋಸ್ ಆವರಣದಲ್ಲಿ.

ಅದು ಏಕೆ ಒಡೆಯಲಿಲ್ಲ? ಸರ್ಕಾರಗಳು ವಂತಿಗೆ ಹಾಕಿದವು, ಪಾಲನ್ನೂ ಪಡೆದವು. ವೈದ್ಯಕೀಯ ಮೋನಾದಲ್ಲಿ, ಕೃಷಿ, ಎಂಜಿನಿಯರಿಂಗ್ ಟ್ರಿನಿಡಾಡಿನಲ್ಲಿ, ಕಾನೂನು ಬಾರ್ಬಡೋಸಿನಲ್ಲಿ ಬೆಳೆದವು. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ನಡೆಯುವಂತಿರಲಿಲ್ಲ. ನಮ್ಮ ಸಹಕಾರ ಸಂಘದ ಲೆಕ್ಕವೂ ಇದೇ ಅಲ್ಲವೇ?

ಪೂರ್ವ ಆಫ್ರಿಕದಲ್ಲಿ ಇದೇ ಪ್ರಯತ್ನ ನಿಲ್ಲಲಿಲ್ಲ. ಕೀನ್ಯಾ, ಉಗಾಂಡಾ, ತಾಂಗನ್ಯೀಕಾ ಸೇರಿ 1963ರಲ್ಲಿ ಕಟ್ಟಿದ ವಿಶ್ವವಿದ್ಯಾನಿಲಯಕ್ಕೆ ನ್ಯೆರೇರೆಯವರೇ ಕುಲಾಧಿಪತಿ. ಆದರೆ ತನಗೆ ಬೇಕಾದ ವೈದ್ಯರನ್ನೂ ಎಂಜಿನಿಯರರನ್ನೂ ತನ್ನ ನೆಲದಲ್ಲೇ ಬೇಗ ತಯಾರು ಮಾಡುವ ಆತುರ ಪ್ರತಿ ಸರ್ಕಾರಕ್ಕೂ ಇತ್ತು. 1970ರಲ್ಲಿ ಅದು ಮೂರಾಯಿತು. ಅವರನ್ನು ಹಳಿಯಲಾರೆವು, ಆದರೆ ದೊಡ್ಡವರ ಸಹಿ ಒಂದೇ ಸಾಲದೆಂಬ ಪಾಠ ಅಲ್ಲಿದೆ.

ವೆಸ್ಟ್ ಇಂಡೀಸಿನದನ್ನು ಹೊಗಳಿ ಕೈಮುಗಿಯಲೂ ನಾವು ಬಂದಿಲ್ಲ. ಗಯಾನಾದ ವಾಲ್ಟರ್ ರಾಡ್ನಿ ಮೋನಾದಲ್ಲಿ ಚರಿತ್ರೆಯ ಅಧ್ಯಾಪಕ. ಕಿಂಗ್‌ಸ್ಟನ್ನಿನ ಬಡವರ ಕೇರಿಗಳಿಗೆ ಹೋಗಿ, ಅವರ ನಡುವೆ ಕುಳಿತು ಆಫ್ರಿಕದ ಚರಿತ್ರೆ ಹೇಳುತ್ತಿದ್ದರು. 1968ರ ಅಕ್ಟೋಬರಿನಲ್ಲಿ ಹೊರದೇಶದ ಸಭೆಯೊಂದರಿಂದ ಮರಳಿದಾಗ ಜಮೈಕಾ ಸರ್ಕಾರ ಅವರನ್ನು ಒಳಗೆ ಬಿಡಲಿಲ್ಲ. ವಿದ್ಯಾರ್ಥಿಗಳು ಬೀದಿಗಿಳಿದರು, ಊರಿನ ಬಡವರೂ ಜೊತೆಗೂಡಿದರು. ವಿದ್ಯಾಲಯ ಎಲ್ಲರದೆಂದು ಬರೆದುಕೊಂಡಿದ್ದರೂ ಗಡಿಯ ಬೀಗದ ಕೈ ಸರ್ಕಾರದ ಬಳಿಯೇ ಇತ್ತು. ವಿದ್ಯೆ ಬಡವರ ಕೇರಿಗೆ ಕಾಲಿಟ್ಟ ದಿನವೇ ಆ ಬೀಗ ಬಿದ್ದಿತೆಂಬುದನ್ನು ನಾವು ಮರೆಯಬಾರದು.

ನಮ್ಮ ಮನೆಯ ಹತ್ತಿರಕ್ಕೆ ಬರೋಣ. ಸಾರ್ಕ್ ರಾಷ್ಟ್ರಗಳು 2007ರಲ್ಲಿ ಒಪ್ಪಂದ ಮಾಡಿಕೊಂಡು, 2010ರಲ್ಲಿ ದಕ್ಷಿಣ ಏಷ್ಯಾ ವಿಶ್ವವಿದ್ಯಾನಿಲಯವನ್ನು ದೆಹಲಿಯಲ್ಲಿ ತೆರೆದವು. 2014ರ ನಂತರ ಆ ರಾಷ್ಟ್ರಗಳ ನಾಯಕರು ಶೃಂಗಸಭೆಗೆ ಸೇರಿಲ್ಲ. ನಾಯಕರು ಒಂದೇ ಮೇಜಿಗೆ ಕೂಡದಿದ್ದರೂ ನೆರೆನಾಡಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂಡಬಹುದೆಂಬ ಆಸೆಯನ್ನು ಅದು ಹೊತ್ತಿದೆ. ಅದನ್ನು ಉಳಿಸಿಕೊಳ್ಳುವುದು ದೆಹಲಿಯವರ ಕೆಲಸವೆಂದು ಬಿಟ್ಟರೆ ಅದು ದೆಹಲಿಯವರದೇ ಆಗುತ್ತದೆ.

ಆದುದರಿಂದ ನಮ್ಮ ಬೇಡಿಕೆ ಎರಡು. ನೆರೆನಾಡಿನ ವಿದ್ಯಾರ್ಥಿಗೂ ಅಧ್ಯಾಪಕನಿಗೂ ಬಾಗಿಲು ತೆರೆದಿರಲಿ. ನಮ್ಮ ಗಿರಣಿ ಚಾಳಿನ ಹುಡುಗಿ ಶುಲ್ಕ ಕೊಟ್ಟು ಆ ಬಾಗಿಲು ದಾಟುವಂತಿರಲಿ. ಎರಡನೆಯದಿಲ್ಲದೆ ಮೊದಲನೆಯದು ಉಳ್ಳವರ ಮಕ್ಕಳ ಪ್ರವಾಸವಾದೀತು. ಮುಂದಿನ ಸಂಘದ ಸಭೆಗೆ ಬರುವಾಗ, ನಿಮ್ಮ ಓಣಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರೆಷ್ಟು, ಅರ್ಧಕ್ಕೆ ಬಿಟ್ಟವರೆಷ್ಟು, ಏಕೆ ಬಿಟ್ಟರು ಎಂಬ ಲೆಕ್ಕವನ್ನು ಬರೆದು ತನ್ನಿರಿ. ಅಲ್ಲಿಂದ ಕೆಲಸ ಪ್ರಾರಂಭಿಸೋಣ.